ಮತಗಟ್ಟೆ ಮೇಡಂ ಉತ್ತರಿಸುತ್ತಾರೆ: ಜಿಲ್ಲೆ ಒಂದು, ಕ್ಷೇತ್ರ ಇನ್ನೊಂದು

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಸಾಲಿನಲ್ಲಿ. ಬೀರೂರಿನವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ 2018ರಲ್ಲಿ ನಿವೃತ್ತಳಾದೆ. 1984ರ ಡಿಸೆಂಬರಿನಿಂದ ನಿವೃತ್ತಿಯ ತನಕ ಚುನಾವಣೆ ಬಂದಾಗಲೆಲ್ಲ ಮತಗಟ್ಟೆಗೆ ಹೋಗಿದ್ದೇನೆ, ಮೊದಮೊದಲು ಬೆರಳಿಗೆ ಶಾಯಿ ಹಚ್ಚುವವಳಾಗಿ, ಕೊನೆಕೊನೆಗೆ ಅಧ್ಯಕ್ಷಾಧಿಕಾರಿಯಾಗಿ. ಕಬ್ಬಿಣದ ಮತಪೆಟ್ಟಿಗೆಗೆ ಅರಗು ಕಾಯಿಸಿ ಮುದ್ರೆ ಒತ್ತಿದ ಕೈಯೇ ಮುಂದೆ ಮತಯಂತ್ರದ ಗುಂಡಿಯನ್ನೂ ಒತ್ತಿತು.

ಈ ತಿಂಗಳು ಕೆಲವರು, ಮುಂದಿನ ಸಲ ಯಾರಿಗೆ ಮತ ಹಾಕಬೇಕು ಎಂದು ಕೇಳಿ ಬರೆದಿದ್ದಾರೆ. ಅಂಥ ಪತ್ರಗಳನ್ನು ನಾಲ್ಕು ಮಡಿಕೆ ಮಾಡಿ ಅಡುಗೆಮನೆಯ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೇನೆ. ಡಬ್ಬ ಅಲುಗಾಡುವುದು ನಿಂತಿದೆ. ಉಳಿದವಕ್ಕೆ ಉತ್ತರ ಇಲ್ಲಿದೆ.

ಕಡೂರಿನಿಂದ ತೆಂಗು ಬೆಳೆಗಾರರೊಬ್ಬರು: ಪಿಂಚಣಿ, ಬೆಳೆ ಪರಿಹಾರ, ಜಮೀನಿನ ತಕರಾರು, ಎಲ್ಲದಕ್ಕೂ ನಾವು ಚಿಕ್ಕಮಗಳೂರಿನ ಜಿಲ್ಲಾಧಿಕಾರಿಗಳ ಕಚೇರಿಗೆ ಅಲೆಯುತ್ತೇವೆ. ಲೋಕಸಭೆಗೆ ಮಾತ್ರ ಹಾಸನಕ್ಕೆ ಮತ ಹಾಕುತ್ತೇವೆ. ಇದು ಯಾವ ನ್ಯಾಯ? ಇದರ ಹಿಂದೆ ಯಾರ ಕೈವಾಡ ಇದೆ?

ನ್ಯಾಯದ ಮಾತು ಆಮೇಲೆ. ಮೊದಲು ಲೆಕ್ಕ ಮಾಡೋಣ, ಸ್ಲೇಟು ತೆಗೆದುಕೊಳ್ಳಿ. ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರಗಳು, 28 ಲೋಕಸಭಾ ಕ್ಷೇತ್ರಗಳು. ಭಾಗಿಸಿದರೆ ಎಂಟು, ಶೇಷ ಸೊನ್ನೆ. ಒಂದು ವಿಧಾನಸಭಾ ಕ್ಷೇತ್ರವನ್ನು ಸೀಳಿ ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚುವಂತಿಲ್ಲ. ಅದು ಇಡಿಯಾಗಿ ಒಂದರೊಳಗೇ ಇರಬೇಕು. ಹೀಗಾಗಿ ನಮ್ಮ ರಾಜ್ಯದಲ್ಲಿ ಒಬ್ಬೊಬ್ಬ ಸಂಸದರ ಪಾಲಿಗೂ ಎಂಟು ವಿಧಾನಸಭಾ ಕ್ಷೇತ್ರಗಳು.

ಈಗ ಜಿಲ್ಲೆಗಳನ್ನು ಎಣಿಸಿ. ಹಾಸನ ಜಿಲ್ಲೆಯಲ್ಲಿ ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ, ಒಟ್ಟು ಏಳು. ಒಂದು ಕಡಿಮೆ ಬಿತ್ತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಐದು, ಉಡುಪಿ ಜಿಲ್ಲೆಯಲ್ಲಿ ಐದು, ಒಂದೇ ಲೋಕಸಭಾ ಕ್ಷೇತ್ರಕ್ಕೆಂದು ಕೂಡಿಸಿದರೆ ಹತ್ತು. ಎರಡು ಹೆಚ್ಚಾಯಿತು. ಉಡುಪಿಯ ಉತ್ತರದ ಅಂಚಿನ ಬೈಂದೂರು ಶಿವಮೊಗ್ಗಕ್ಕೆ ಸೇರಿತು. ಅರಸೀಕೆರೆಗೆ ಮೈ ತಾಗಿಸಿಕೊಂಡಿರುವ ನಮ್ಮ ಕಡೂರು ಹಾಸನಕ್ಕೆ ಸೇರಿತು. ಲೆಕ್ಕ ಸರಿಹೋಯಿತು, ಊರಿನವರ ಮುಖ ಸಪ್ಪಗಾಯಿತು. ವಿಧಾನಸಭಾ ಕ್ಷೇತ್ರಗಳ ಕ್ರಮಸಂಖ್ಯೆ ನೋಡಿದರೂ ಇದು ಗೊತ್ತಾಗುತ್ತದೆ. ಹಾಸನ ಜಿಲ್ಲೆಯ ಏಳು ಕ್ಷೇತ್ರಗಳ ಸಂಖ್ಯೆ 193ರಿಂದ 199. ಕಡೂರಿನದು 127. ಬೀಗರ ಊಟದ ಪಂಕ್ತಿಯಲ್ಲಿ ದಾರಿ ತಪ್ಪಿ ಕುಳಿತ ಪಕ್ಕದ ಮನೆಯವರಂತೆ.

ಇನ್ನು ಕೈವಾಡದ ಮಾತು. ಗೆರೆ ಎಳೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್‌ವಿಂಗಡಣಾ ಆಯೋಗ, 2001ರ ಜನಗಣತಿಯನ್ನು ಮುಂದಿಟ್ಟುಕೊಂಡು. 2008ರ ಮೇ ತಿಂಗಳ ನಮ್ಮ ವಿಧಾನಸಭಾ ಚುನಾವಣೆಯೇ ಹೊಸ ಗೆರೆಗಳ ಮೇಲೆ ದೇಶದಲ್ಲಿ ನಡೆದ ಮೊದಲ ಚುನಾವಣೆ. ಆಯೋಗ ಬದಲಿಸಿದ್ದು ಗೆರೆಗಳನ್ನು ಮಾತ್ರ. ರಾಜ್ಯಕ್ಕೆ 28 ಸ್ಥಾನ ಎಂಬುದು 1971ರ ಜನಗಣತಿಯ ಲೆಕ್ಕ. 1976ರ ಸಂವಿಧಾನದ 42ನೇ ತಿದ್ದುಪಡಿ ಆ ಸಂಖ್ಯೆಗೆ ಬೀಗ ಹಾಕಿತು, 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯ ತನಕ ಬೀಗವನ್ನು ಮುಂದುವರಿಸಿತು.

ನನಗೂ ಇದು ಕಾಗದದ ಮೇಲಿನ ಸಂಗತಿಯಲ್ಲ. ಚುನಾವಣಾ ಕರ್ತವ್ಯದಲ್ಲಿರುವವರಿಗೆ ಅಂಚೆ ಮತಪತ್ರ ಕೊಡುತ್ತಾರೆ. 2004ರಲ್ಲಿ ನನ್ನ ಕೈಗೆ ಬಂದ ಲೋಕಸಭೆಯ ಮತಪತ್ರದಲ್ಲಿ ಚಿಕ್ಕಮಗಳೂರಿನ ಅಭ್ಯರ್ಥಿ ಡಿ.ಸಿ. ಶ್ರೀಕಂಠಪ್ಪನವರ ಹೆಸರಿತ್ತು. 2009ರ ಮತಪತ್ರದಲ್ಲಿ ಹಾಸನದ ಅಭ್ಯರ್ಥಿ ಎಚ್.ಡಿ. ದೇವೇಗೌಡರ ಹೆಸರಿತ್ತು. ಲಕೋಟೆಯ ಮೇಲೆ ನನ್ನ ವಿಳಾಸ ಒಂದಕ್ಷರವೂ ಬದಲಾಗಿರಲಿಲ್ಲ.

ಈಗ ನ್ಯಾಯದ ಮಾತು. ನನ್ನನ್ನು ಕೇಳಿದರೆ, ಕಡೂರಿಗೆ ಆದದ್ದು ಅನ್ಯಾಯಕ್ಕಿಂತ ಹೆಚ್ಚು ಅನುಕೂಲ. ಕೊಬ್ಬರಿ ಬೆಲೆ ಕುಸಿದಾಗ ನಿಮ್ಮ ಸಂಕಟ ಅರಸೀಕೆರೆಯವರಿಗೆ ಅರ್ಥವಾಗುತ್ತದೆ, ಕುಂದಾಪುರದ ಮೀನುಗಾರರಿಗೆ ಅರ್ಥವಾಗಬೇಕಾದರೆ ನೀವು ವಿವರಿಸಬೇಕು. ದೂರು ಹೇಳುವ ಹಕ್ಕು ನಿಜವಾಗಿ ಇರುವುದು ಚಿಕ್ಕಮಗಳೂರು, ತರೀಕೆರೆ, ಮೂಡಿಗೆರೆಯವರಿಗೆ. ಅವರ ಲೋಕಸಭಾ ಕ್ಷೇತ್ರದ ಹೆಸರಿನಲ್ಲಿ ಉಡುಪಿ ಮುಂದೆ, ಚಿಕ್ಕಮಗಳೂರು ಹಿಂದೆ. ನಾಮಪತ್ರ ಸಲ್ಲಿಸುವುದು ಉಡುಪಿಯಲ್ಲಿ, ಮತ ಎಣಿಸುವುದೂ ಉಡುಪಿಯಲ್ಲಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಸಂಸದರು ಒಂದು ಕಡೆ, ಅರ್ಧ ಕ್ಷೇತ್ರ ಇನ್ನೊಂದು ಕಡೆ.

ಮೂಡಿಗೆರೆಯಿಂದ ಪದವಿ ವಿದ್ಯಾರ್ಥಿನಿ: ಇಂದಿರಾ ಗಾಂಧಿ ನಮ್ಮ ಕ್ಷೇತ್ರದಿಂದ ಗೆದ್ದಿದ್ದರು ಎಂದು ಅಜ್ಜ ಹೇಳುತ್ತಾರೆ. ನನ್ನ ಗೆಳತಿ ಅದೆಲ್ಲ ಕಟ್ಟುಕಥೆ ಎನ್ನುತ್ತಾಳೆ. ಇಲ್ಲಿಯ ಮತದಾರರೇ ಅಲ್ಲದವರು ಇಲ್ಲಿ ಹೇಗೆ ಸ್ಪರ್ಧಿಸಲು ಸಾಧ್ಯ, ಮೇಡಂ?

ನಿಮ್ಮ ಅಜ್ಜ ಗೆದ್ದರು. ಗೆಳತಿಗೆ ಒಂದು ಕಾಫಿ ಕೊಡಿಸಲು ಹೇಳಿ.

ಕಾನೂನು ಮೊದಲು ಹೇಳಿಬಿಡುತ್ತೇನೆ. ಲೋಕಸಭೆಗೆ ನಿಲ್ಲುವವರಿಗೆ 25 ವರ್ಷ ತುಂಬಿರಬೇಕು, ದೇಶದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅಷ್ಟು ಸಾಕು. ವಿಧಾನಸಭೆಗೆ ನಿಲ್ಲುವವರು ಆ ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರಾಗಿರಬೇಕು. ದೆಹಲಿಯಲ್ಲಿ ಮತವಿರುವವರು ಚಿಕ್ಕಮಗಳೂರಿನಲ್ಲಿ ನಿಂತದ್ದು ಹೀಗೆ.

1977ರಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಎದುರು ಸೋತರು. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ಪಾಲಾಗಿದ್ದವು. ಮರುವರ್ಷ ಪಕ್ಷ ಒಡೆದು, ಹಸು-ಕರುವಿನ ಗುರುತು ಹೋಗಿ ಅವರ ಬಣಕ್ಕೆ ಹಸ್ತದ ಗುರುತು ಬಂತು. ದೇವರಾಜ ಅರಸರು ಮುಖ್ಯಮಂತ್ರಿ. ಲೋಕಸಭೆಗೆ ಮರಳಲು ಒಂದು ಭದ್ರವಾದ ಜಾಗ ಬೇಕಿತ್ತು. ನಿಮ್ಮದೇ ತಾಲ್ಲೂಕಿನ ದಾರದಹಳ್ಳಿಯವರಾದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು. 1978ರ ನವೆಂಬರಿನಲ್ಲಿ ಉಪಚುನಾವಣೆ. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಮಾಜಿ ಮುಖ್ಯಮಂತ್ರಿ, ಸಾಮಾನ್ಯ ಆಸಾಮಿಯಲ್ಲ. ಅವರ ಪರವಾಗಿ ಜಾರ್ಜ್ ಫರ್ನಾಂಡಿಸ್ ಬಂದು ಊರೂರು ಸುತ್ತಿದರು.

ಆಗ ನಾನು ಚಿಕ್ಕಮಗಳೂರಿನಲ್ಲಿ ಓದುತ್ತಿದ್ದೆ. ಕಾಫಿ ಹಣ್ಣಾಗುವ ಕಾಲ. ಪೇಟೆಯ ವಸತಿಗೃಹಗಳಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಭುಜಕ್ಕೆ ಕ್ಯಾಮೆರಾ ನೇತುಹಾಕಿಕೊಂಡ ದೆಹಲಿಯ ಪತ್ರಕರ್ತರು ನಮ್ಮ ಹೋಟೆಲುಗಳಲ್ಲಿ ಕುಳಿತು ಇಡ್ಲಿಯನ್ನು ಚಮಚದಲ್ಲಿ ಕತ್ತರಿಸುತ್ತಿದ್ದರು. ಜೀಪುಗಳ ಧ್ವನಿವರ್ಧಕದಲ್ಲಿ ಹಿಂದಿ ಘೋಷಣೆ: ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಚಿಕ್ಕಮಗಳೂರ್’. ಒಂದು ಸಿಂಹಿಣಿ, ನೂರು ಕೋತಿಗಳು ಎಂದು ಅರ್ಥ. ನಮ್ಮೂರಿನ ಹೆಸರಿಗೆ ಪ್ರಾಸ ಸಿಕ್ಕಿತಲ್ಲ ಎಂದು ನಾವು ಹುಡುಗಿಯರು ಖುಷಿಪಟ್ಟೆವು, ಕೋತಿ ಯಾರು ಎಂದು ವಿಚಾರಿಸಲಿಲ್ಲ. ಒಂದು ಮಧ್ಯಾಹ್ನ ತರಗತಿ ತಪ್ಪಿಸಿ ನಾನು, ನನ್ನ ಗೆಳತಿ ರಸ್ತೆ ಬದಿಯಲ್ಲಿ ಎರಡು ಗಂಟೆ ನಿಂತೆವು. ಕಾರು ಬಂತು, ಹೋಯಿತು. ನನಗೆ ಕಂಡದ್ದು ಕಿಟಕಿಯಿಂದ ಹೊರಬಂದ ಒಂದು ಕೈ ಮತ್ತು ತಲೆಯ ಮೇಲಿನ ಸೆರಗಿನ ಅಂಚು. ಮನೆಗೆ ಹೋಗಿ ಪೂರ್ತಿ ನೋಡಿದೆ ಎಂದು ಹೇಳಿದ್ದೆ. ಇಂದು ತಿದ್ದುತ್ತಿದ್ದೇನೆ.

ಅವರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆದರೆ ಸದನದಲ್ಲಿ ಉಳಿದದ್ದು ಕೆಲವೇ ವಾರ. ಹಕ್ಕುಚ್ಯುತಿಯ ಆರೋಪದ ಮೇಲೆ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವ ತನಕ ತಿಹಾರ್ ಜೈಲಿಗೆ ಕಳುಹಿಸಿತು. ಆ ನಿರ್ಧಾರವನ್ನು 1981ರಲ್ಲಿ ಮುಂದಿನ ಲೋಕಸಭೆ ರದ್ದುಪಡಿಸಿತು. ಆ ಹೊತ್ತಿಗೆ ಅವರು ಮತ್ತೆ ಪ್ರಧಾನಿಯಾಗಿದ್ದರು. 1980ರಲ್ಲಿ ಅವರು ನಿಂತದ್ದು ರಾಯ್‌ಬರೇಲಿ ಮತ್ತು ಮೇದಕ್‌ನಿಂದ. ಚಿಕ್ಕಮಗಳೂರಿನಿಂದ ಗೆದ್ದವರು ಡಿ.ಎಂ. ಪುಟ್ಟೇಗೌಡರು. ನಮ್ಮ ಊರು ಏಣಿಯಾಯಿತು ಎನ್ನುವವರಿದ್ದಾರೆ. ಏಣಿಯಾದದ್ದು ನಿಜ. ಆದರೆ ಆ ಒಂದು ತಿಂಗಳು ಇಡೀ ದೇಶ ನಮ್ಮ ಊರಿನ ಹೆಸರನ್ನು ತಪ್ಪುತಪ್ಪಾಗಿ ಉಚ್ಚರಿಸುತ್ತಾ ಓಡಾಡಿದ್ದನ್ನು ನೋಡಿದವರಿಗೆ ಈಗಲೂ ನಗು ಬರುತ್ತದೆ.

ನೀವು ಮತ ಹಾಕಿದಿರಾ ಎಂದು ಕೇಳುತ್ತೀರಿ. ಇಲ್ಲ. ನನಗೆ 20 ವರ್ಷ. ಆಗ ಮತದಾನದ ವಯಸ್ಸು 21. ಅದು 18ಕ್ಕೆ ಇಳಿದದ್ದು 1989ರಲ್ಲಿ, 61ನೇ ತಿದ್ದುಪಡಿಯಿಂದ.

ಹೊಳೆನರಸೀಪುರದಿಂದ: ದೇವೇಗೌಡರು ಹಾಸನದಲ್ಲಿ ಎಂದೂ ಸೋತಿಲ್ಲ ಎಂದು ನಾನು, ಸೋತಿದ್ದಾರೆ ಎಂದು ನನ್ನ ಭಾವ. ಐನೂರು ರೂಪಾಯಿ ಪಂದ್ಯ. ಪ್ರಧಾನಿಯಾಗಿದ್ದವರು ಸೋಲುವುದುಂಟೇ?

ಐನೂರು ರೂಪಾಯಿ ಎಣಿಸಿ ಇಡಿ. 1999ರ ಲೋಕಸಭಾ ಚುನಾವಣೆಯಲ್ಲಿ ದೇವೇಗೌಡರು ಹಾಸನದಲ್ಲಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರ ಎದುರು ಸೋತರು. ಅದಕ್ಕೂ ಹತ್ತು ವರ್ಷ ಮೊದಲು, 1989ರ ವಿಧಾನಸಭಾ ಚುನಾವಣೆಯಲ್ಲಿ, ನಿಮ್ಮ ಹೊಳೆನರಸೀಪುರದಲ್ಲಿಯೇ ಅವರನ್ನು ಸೋಲಿಸಿದ್ದವರೂ ಇದೇ ಪುಟ್ಟಸ್ವಾಮಿಗೌಡರು. ನಿಮ್ಮ ಭಾವನಿಗೆ ಇದು ಗೊತ್ತಾದರೆ ಸಾವಿರ ಕೇಳಬಹುದು, ಎಚ್ಚರ.

ಇನ್ನೊಂದು ವಿಷಯದಲ್ಲಿ ನೀವಿಬ್ಬರೂ ತಪ್ಪಿದ್ದೀರಿ ಎಂದು ನನ್ನ ಗುಮಾನಿ. 1996ರ ಜೂನ್ 1ರಂದು ಪ್ರಧಾನಿಯಾದಾಗ ದೇವೇಗೌಡರು ಹಾಸನದ ಸಂಸದರಾಗಿರಲಿಲ್ಲ. ಅವರು ಮುಖ್ಯಮಂತ್ರಿಯಾಗಿದ್ದವರು, ಆಮೇಲೆ ರಾಜ್ಯಸಭೆಗೆ ಹೋದರು. ಆಗ ಹಾಸನದ ಸಂಸದರು ಜನತಾ ದಳದ ವೈ.ಎನ್. ರುದ್ರೇಶಗೌಡರು. 1991, 1998, 2004, 2009, 2014ರಲ್ಲಿ ಹಾಸನದಿಂದ ಗೆದ್ದವರು ದೇವೇಗೌಡರು. 2004ರಲ್ಲಿ ಕನಕಪುರದಲ್ಲೂ ನಿಂತಿದ್ದರು; ಅಲ್ಲಿ ತೇಜಸ್ವಿನಿಯವರ ಎದುರು ಸೋತರು. ಒಬ್ಬರು ಒಂದೇ ಸಲ ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲುವಂತಿಲ್ಲ.

ಹಾಸನದ ರಾಜಕೀಯದಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಪಕ್ಷಗಳಿಗಿಂತ ಈ ಎರಡು ಮನೆಗಳ ಲೆಕ್ಕ. 2023ರಲ್ಲಿ ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ಹೊಳೆನರಸೀಪುರದಲ್ಲಿ ಎಚ್.ಡಿ. ರೇವಣ್ಣನವರ ಎದುರು ಕಡಿಮೆ ಅಂತರದಲ್ಲಿ ಸೋತರು. ಮರುವರ್ಷ ಲೋಕಸಭೆಗೆ ನಿಂತು ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣನವರನ್ನು 42 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಹಾಸನದಲ್ಲಿ ಕಾಂಗ್ರೆಸ್ ಅದಕ್ಕೂ ಮೊದಲು ಗೆದ್ದದ್ದು 1999ರಲ್ಲಿ, ಅಜ್ಜನ ಕಾಲದಲ್ಲಿ. ಜಮೀನಿನ ವ್ಯಾಜ್ಯವೂ ಇಷ್ಟು ಅಚ್ಚುಕಟ್ಟಾಗಿ ತಲೆಮಾರು ದಾಟುವುದಿಲ್ಲ.

ಸಕಲೇಶಪುರದಿಂದ: ಕಳೆದ ಸಲ ಮತಗಟ್ಟೆಗೆ ಹೋದಾಗ ನನ್ನ ಮತವನ್ನು ಯಾರೋ ಆಗಲೇ ಹಾಕಿದ್ದರು. ಬೆರಳಿನಲ್ಲಿ ಶಾಯಿ ಇಲ್ಲ ಎಂದು ತೋರಿಸಿದರೂ ವಾಪಸು ಕಳುಹಿಸಿದರು. ಇದಕ್ಕೆ ದಾರಿಯೇ ಇಲ್ಲವೇ?

ಇದೆ. ನಿಮ್ಮನ್ನು ಕಳುಹಿಸಿದವರು ಕೈಪಿಡಿ ಓದಿರಲಿಲ್ಲ ಎಂದು ನನಗೆ ಬೇಸರ. ಅದಕ್ಕೆ ‘ಟೆಂಡರ್ ಮತ’ ಎನ್ನುತ್ತಾರೆ. ಅಧ್ಯಕ್ಷಾಧಿಕಾರಿ ನಿಮಗೆ ಕೆಲವು ಪ್ರಶ್ನೆ ಕೇಳುತ್ತಾರೆ. ನೀವೇ ಆ ಮತದಾರರು ಎಂದು ಮನವರಿಕೆಯಾದರೆ, ನಮೂನೆ 17ಬಿಯಲ್ಲಿ ಸಹಿ ಪಡೆದು ಒಂದು ಕಾಗದದ ಮತಪತ್ರ ಕೊಡುತ್ತಾರೆ. ಯಂತ್ರದ ಗುಂಡಿ ಒತ್ತುವಂತಿಲ್ಲ. ಬಾಣದ ಗುರುತಿನ ಮುದ್ರೆ ಒತ್ತಿ, ಮಡಚಿ ಅಧಿಕಾರಿಯ ಕೈಗೇ ಕೊಡಬೇಕು. ಅವರು ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ.

ಒಂದು ಲೋಕಸಭಾ ಚುನಾವಣೆಯಲ್ಲಿ ನನಗೆ ತೋಟದ ಸೀಮೆಯ ಒಂದು ಮತಗಟ್ಟೆ ಬಿದ್ದಿತ್ತು. ಹಿಂದಿನ ರಾತ್ರಿ ಮಳೆ, ಕರೆಂಟಿಲ್ಲ, ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಿದ್ದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಕೂಲಿ ಲೈನಿನಿಂದ ಒಬ್ಬ ಅಜ್ಜಿ ಬಂದರು. ಎಲೆ ಅಡಿಕೆಯ ಸಂಚಿ ಸೊಂಟದಲ್ಲಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ಗುರುತಿನ ಚೀಟಿ. ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಬೆಳಿಗ್ಗೆಯೇ ಗೆರೆ ಎಳೆದಾಗಿತ್ತು. ಅಭ್ಯರ್ಥಿಗಳ ಏಜೆಂಟರು ಮೂವರೂ ಗೋಡೆ ನೋಡತೊಡಗಿದರು. ಗಂಡನ ಹೆಸರು, ಮನೆಯಲ್ಲಿ ಎಷ್ಟು ಮತ, ಮೇಸ್ತ್ರಿ ಯಾರು ಎಂದೆಲ್ಲ ಕೇಳಿದೆ, ಒಂದಕ್ಕೂ ತಡವರಿಸಲಿಲ್ಲ. ಇಪ್ಪತ್ತು ಟೆಂಡರ್ ಮತಪತ್ರಗಳಿದ್ದ ಕಟ್ಟನ್ನು ನನ್ನ ಸೇವೆಯಲ್ಲಿ ಮೊದಲ ಸಲ ಬಿಚ್ಚಿದೆ. ಅಜ್ಜಿ ಮುದ್ರೆ ಒತ್ತಿ ತಂದುಕೊಟ್ಟರು. ನಾನು ಲಕೋಟೆಗೆ ಹಾಕಿದೆ. ಅವರು ಮೇಜಿನ ಮೇಲಿದ್ದ ಯಂತ್ರವನ್ನು, ನನ್ನ ಲಕೋಟೆಯನ್ನು ಒಮ್ಮೆ ನೋಡಿ, ‘ಇದು ಅದರೊಳಗೆ ಹೋಗುವುದಿಲ್ಲವೇ?’ ಎಂದರು. ಹೋಗುವುದಿಲ್ಲ ಎಂದೆ.

ನಿಮಗೂ ಅದನ್ನೇ ಹೇಳಬೇಕು. ಎಣಿಕೆಯ ದಿನ ಆ ಲಕೋಟೆಯನ್ನು ತೆರೆಯುವುದಿಲ್ಲ. ಫಲಿತಾಂಶವನ್ನು ಪ್ರಶ್ನಿಸಿ 45 ದಿನದೊಳಗೆ ಯಾರಾದರೂ ಹೈಕೋರ್ಟಿಗೆ ಹೋಗಿ, ನ್ಯಾಯಾಲಯ ಆದೇಶಿಸಿದರೆ ಮಾತ್ರ ಅದಕ್ಕೆ ಬೆಲೆ. ಆದರೂ ಕೇಳಿ ಪಡೆಯಿರಿ. ಪಡೆಯದಿದ್ದರೆ ನಿಮ್ಮ ಹೆಸರಿನಲ್ಲಿ ಕಳ್ಳ ಹಾಕಿದ ಮತವೇ ದಾಖಲೆಯಲ್ಲಿ ನಿಮ್ಮ ಮತವಾಗಿ ಉಳಿಯುತ್ತದೆ. ಇನ್ನು, ಕಳ್ಳ ಎದುರಿಗೇ ಸಿಕ್ಕರೆ, ಏಜೆಂಟರು ಎರಡು ರೂಪಾಯಿ ಠೇವಣಿ ಇಟ್ಟು ಅವನ ಗುರುತನ್ನು ಪ್ರಶ್ನಿಸಬಹುದು. ಹೌದು, ಎರಡೇ ರೂಪಾಯಿ. ಚಹಾದ ಬೆಲೆ ಏರಿದರೂ ಅದು ಏರಿಲ್ಲ. ಆ ಎರಡು ರೂಪಾಯಿ ಕೊಟ್ಟ ಏಜೆಂಟರನ್ನು ಮಾತ್ರ ನಾನು ಇಡೀ ಸೇವೆಯಲ್ಲಿ ನೋಡಲಿಲ್ಲ.

ಬೇಲೂರಿನ ಮಗಳು, ಚಿಕ್ಕಮಗಳೂರಿನ ಸೊಸೆ: ತವರಿನಲ್ಲೂ ಗಂಡನ ಮನೆಯಲ್ಲೂ ಪಟ್ಟಿಯಲ್ಲಿ ನನ್ನ ಹೆಸರಿದೆ. ಎರಡೂ ಬೇರೆ ಬೇರೆ ಲೋಕಸಭಾ ಕ್ಷೇತ್ರ. ಇರಲಿ ಬಿಡಿ ಎಂದು ಅಮ್ಮ ಹೇಳುತ್ತಾರೆ.

ಅಮ್ಮನ ಪ್ರೀತಿ ದೊಡ್ಡದು, ಆದರೆ ಅರಿಶಿನ ಕುಂಕುಮಕ್ಕೆ ಎರಡು ಮನೆಯಿದ್ದಂತೆ ಮತಕ್ಕೆ ಎರಡು ಮನೆ ಇರುವಂತಿಲ್ಲ. ವಾಸ ಬದಲಾದರೆ ನಮೂನೆ 8 ತುಂಬಬೇಕು. ಹೊಸದಾಗಿ ಸೇರುವ ನಮೂನೆ 6 ತುಂಬಿದ್ದರಿಂದ ನಿಮ್ಮ ಹೆಸರು ಎರಡು ಕಡೆ ಉಳಿದಿರಬಹುದು. ಬೇಲೂರಿನ ಹೆಸರನ್ನು ತೆಗೆಸಲು ಈಗ ನಮೂನೆ 7 ಕೊಡಿ. ಪಟ್ಟಿಗೆ ತಿಳಿದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದ ತನಕ ಸೆರೆವಾಸ ಇಲ್ಲವೇ ದಂಡ, ಇಲ್ಲವೇ ಎರಡೂ.

ಮೂಡಿಗೆರೆ ತಾಲ್ಲೂಕಿನಿಂದ: ಮೂಡಿಗೆರೆ ಮೀಸಲು, ಪಕ್ಕದ ಸಕಲೇಶಪುರವೂ ಮೀಸಲು. ಗ್ರಾಮ ಪಂಚಾಯಿತಿಯಲ್ಲಿ ಮೀಸಲಾತಿ ತಿರುಗುತ್ತದೆ. ಇದು ಏಕೆ ತಿರುಗುವುದಿಲ್ಲ?

ಪಂಚಾಯಿತಿಯಲ್ಲಿ ಸರದಿಯ ಪದ್ಧತಿ, ವಿಧಾನಸಭೆಯಲ್ಲಿ ಸರದಿಯಿಲ್ಲ. ಪರಿಶಿಷ್ಟ ಜಾತಿಯವರ ಪ್ರಮಾಣ ಎಲ್ಲಿ ಹೆಚ್ಚಿದೆಯೋ ಅಂಥ ಕಡೆ, ಆದರೆ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹರಡುವಂತೆ, ಪುನರ್‌ವಿಂಗಡಣಾ ಆಯೋಗ ಸ್ಥಾನಗಳನ್ನು ಗುರುತಿಸುತ್ತದೆ. ಮುಂದಿನ ವಿಂಗಡಣೆಯ ತನಕ ಅದೇ ಸ್ಥಿತಿ. ಸಕಲೇಶಪುರ ಮೀಸಲಾದದ್ದು 2008ರಲ್ಲಿ, ಎಚ್.ಕೆ. ಕುಮಾರಸ್ವಾಮಿಯವರು ಅಲ್ಲಿ ಸತತ ಮೂರು ಸಲ ಗೆದ್ದರು. ಮೂಡಿಗೆರೆಯಲ್ಲಿ ತಾಯಿ ಮೋಟಮ್ಮ ಶಾಸಕಿಯಾಗಿದ್ದ ಕ್ಷೇತ್ರದಿಂದ 2023ರಲ್ಲಿ ಮಗಳು ನಯನಾ ಗೆದ್ದರು.

ನಿಮ್ಮ ಪತ್ರದ ಎರಡನೆಯ ಪುಟವನ್ನು ನಾನು ಅಚ್ಚಿಗೆ ಕೊಟ್ಟಿಲ್ಲ. ತೋಟದ ಮಾಲೀಕರಿಗೆ ಅವಕಾಶ ತಪ್ಪಿತು ಎಂದು ಕೊರಗಿದ್ದೀರಿ. ತೋಟದಲ್ಲಿ ಕೆಲಸ ಮಾಡುವವರ ಲೆಕ್ಕ ತೆಗೆದು ನೋಡಿ, ಆಮೇಲೆ ಮತ್ತೆ ಬರೆಯಿರಿ.

ಆಲೂರಿನಿಂದ ಕಾಫಿ ಬೆಳೆಗಾರರು: ತೋಟದ ರಸ್ತೆಗೆ ಸಂಸದರನ್ನು ಕೇಳಿದರೆ ಶಾಸಕರ ಹತ್ತಿರ ಹೋಗಿ ಎನ್ನುತ್ತಾರೆ, ಶಾಸಕರನ್ನು ಕೇಳಿದರೆ ಸಂಸದರ ನಿಧಿಯಲ್ಲಿ ಕೇಳಿ ಎನ್ನುತ್ತಾರೆ. ನಾವು ಚೆಂಡೇ?

ಚೆಂಡಾಗುವುದು ಅರ್ಜಿಯನ್ನು ತಪ್ಪು ಕೈಗೆ ಕೊಟ್ಟಾಗ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಅರವತ್ತೆರಡೂವರೆ ಲಕ್ಷ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಅದೂ ಒಂದೇ ಕ್ಷೇತ್ರಕ್ಕೆ. ಊರಿನ ರಸ್ತೆಗೆ ಯಾರ ಬಾಗಿಲು ತಟ್ಟಬೇಕೆಂದು ಇದರಲ್ಲೇ ತಿಳಿಯಿತಲ್ಲ. ಇಬ್ಬರೂ ಶಿಫಾರಸು ಮಾಡುತ್ತಾರೆ ಅಷ್ಟೆ, ಕೆಲಸ ಮಾಡಿಸುವುದು ಜಿಲ್ಲಾಡಳಿತ.

ಸಂಸದರನ್ನು ಕೇಳಬೇಕಾದದ್ದು ಬೇರೆ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿದೆ. ರೈಲು ಕೇಂದ್ರದ್ದು, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಆನೆ ಎಂದರೆ ಅರಣ್ಯ ಇಲಾಖೆ ರಾಜ್ಯದ್ದು, ವನ್ಯಜೀವಿ ಕಾಯಿದೆ ಕೇಂದ್ರದ್ದು. ಅದಕ್ಕೆ ಎರಡೂ ಬಾಗಿಲು ತಟ್ಟಬೇಕು, ಆನೆ ಮಾತ್ರ ಯಾವ ಬಾಗಿಲನ್ನೂ ತಟ್ಟದೆ ಒಳಗೆ ಬರುತ್ತದೆ.

ಕಾಫಿಯ ದನಿ ದೆಹಲಿಯಲ್ಲಿ ಏಕೆ ಕ್ಷೀಣ ಎಂಬುದಕ್ಕೂ ಕ್ಷೇತ್ರಗಳ ಗೆರೆಯೇ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಕರ್ನಾಟಕದಲ್ಲಿ ಕಾಫಿ ಬೆಳೆಯುವುದು ಮುಖ್ಯವಾಗಿ ಮೂರು ಜಿಲ್ಲೆ. ಕೊಡಗಿಗೆ ಮೈಸೂರು ಜೊತೆ, ಚಿಕ್ಕಮಗಳೂರಿಗೆ ಉಡುಪಿ ಜೊತೆ, ನಿಮ್ಮ ಆಲೂರು-ಸಕಲೇಶಪುರಕ್ಕೆ ಹಾಸನದ ಬಯಲು ಸೀಮೆ ಜೊತೆ. 1925ರಿಂದ ಬಾಳೆಹೊನ್ನೂರಿನಲ್ಲಿರುವ ಕಾಫಿ ಸಂಶೋಧನಾ ಕೇಂದ್ರ ನಿಮ್ಮ ಗಿಡಕ್ಕೆ ಔಷಧಿ ಹೇಳುತ್ತದೆ, ಆದರೆ ಅದು ಇನ್ನೊಬ್ಬ ಸಂಸದರ ಕ್ಷೇತ್ರದಲ್ಲಿದೆ. ಮೂವರು ಸಂಸದರಿಗೂ ಒಂದೇ ಅರ್ಜಿಯನ್ನು ಒಂದೇ ದಿನ ಕೊಡಿ. ಮೂವರೂ ಒಂದೇ ಪಕ್ಷದವರಾಗಿರಬೇಕಿಲ್ಲ, ಅರ್ಜಿ ಒಂದೇ ಆಗಿರಲಿ.

ಅರಸೀಕೆರೆಯಿಂದ: ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೆ ಲೋಕಸಭಾ ಚುನಾವಣೆ ಮತ್ತೆ ನಡೆಯುತ್ತದೆಯೇ? ಒಂದು ಮತದಿಂದ ಏನು ವ್ಯತ್ಯಾಸವಾಗುತ್ತದೆ?

ನಡೆಯುವುದಿಲ್ಲ. ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚೋ ಅವರೇ ಗೆದ್ದಂತೆ. ಅಭ್ಯರ್ಥಿಯ ಠೇವಣಿ ಉಳಿಯಲು ಬೇಕಾದ ಆರನೇ ಒಂದು ಭಾಗ ಮತಗಳ ಲೆಕ್ಕದಲ್ಲೂ ನೋಟಾ ಸೇರುವುದಿಲ್ಲ. ಎರಡನೆಯ ಪ್ರಶ್ನೆಗೆ: 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕಳೆಯುವ ಲೆಕ್ಕ ನೀವೇ ಮಾಡಿ.

ಅರಸೀಕೆರೆಯಿಂದಲೇ, ಪದವೀಧರರು: ಕಡೂರಿನ ನನ್ನ ಷಡ್ಡಕನೂ ನಾನೂ ಒಂದೇ ಲೋಕಸಭಾ ಕ್ಷೇತ್ರ. ಪದವೀಧರರ ಕ್ಷೇತ್ರ ಮಾತ್ರ ಬೇರೆ ಏಕೆ?

ವಿಧಾನ ಪರಿಷತ್ತಿನ ಗೆರೆಗಳೇ ಬೇರೆ, ಅವು ಜಿಲ್ಲೆಗಳನ್ನು ಹಿಡಿದು ಹೋಗುತ್ತವೆ. ಹಾಸನ ಜಿಲ್ಲೆ ಮೈಸೂರು, ಮಂಡ್ಯ, ಚಾಮರಾಜನಗರದ ಜೊತೆ ದಕ್ಷಿಣ ಕ್ಷೇತ್ರದಲ್ಲಿದೆ. ಚಿಕ್ಕಮಗಳೂರು ಜಿಲ್ಲೆ ಶಿವಮೊಗ್ಗ, ಕೊಡಗು, ಕರಾವಳಿಯ ಜೊತೆ ನೈರುತ್ಯ ಕ್ಷೇತ್ರದಲ್ಲಿದೆ. ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೂ ಇದೇ ಗೆರೆ. ಹೀಗಾಗಿ ನಾನು ಶಿಕ್ಷಕಿಯಾಗಿ ಮಂಗಳೂರಿನವರ ಜೊತೆ, ಪ್ರಜೆಯಾಗಿ ಹಾಸನದವರ ಜೊತೆ ಮತ ಹಾಕಿದವಳು. ಒಂದು ಎಚ್ಚರಿಕೆ: ಅಲ್ಲಿ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ, ಹಳೆಯ ಹೆಸರು ತಾನಾಗಿ ಮುಂದುವರಿಯುವುದಿಲ್ಲ. ಮತಪತ್ರದಲ್ಲಿ ಟಿಕ್ ಹಾಕಬೇಡಿ; ಅಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದ 1, 2, 3 ಎಂದು ಅಂಕಿ ಬರೆಯಿರಿ. ಮಕ್ಕಳ ಉತ್ತರ ಪತ್ರಿಕೆಗೆ ದಿನವಿಡೀ ಟಿಕ್ ಹಾಕುವ ನಮ್ಮವರೇ ಅಭ್ಯಾಸಬಲದಿಂದ ಟಿಕ್ ಹಾಕಿ ಮತ ಕೆಡಿಸಿಕೊಳ್ಳುತ್ತಾರೆ.

ತಿದ್ದುಪಡಿ. ಹೋದ ಸಂಚಿಕೆಯಲ್ಲಿ ನಾನು ಚಿಕ್ಕಮಗಳೂರು ಜಿಲ್ಲೆಗೆ ಆರು ವಿಧಾನಸಭಾ ಕ್ಷೇತ್ರ ಎಂದು ಬರೆದಿದ್ದೆ. ತರೀಕೆರೆಯ ಓದುಗರೊಬ್ಬರು ಪೋಸ್ಟ್ ಕಾರ್ಡಿನಲ್ಲಿ, ‘ಸಮಾಜ ವಿಜ್ಞಾನದ ಮೇಡಂಗೆ ಶೂನ್ಯ ಅಂಕ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳುಹಿಸಿದ್ದಾರೆ. ಅಂಕ ಸ್ವೀಕರಿಸಿದ್ದೇನೆ. ಆರು ಇದ್ದದ್ದು 2008ಕ್ಕೆ ಮೊದಲು. ಹಾಸನ ಜಿಲ್ಲೆ ಗಂಡಸಿ ಕ್ಷೇತ್ರವನ್ನು ಕಳೆದುಕೊಂಡ ಅದೇ ವಿಂಗಡಣೆಯಲ್ಲಿ ನಮ್ಮ ಜಿಲ್ಲೆಯೂ ಒಂದನ್ನು ಕಳೆದುಕೊಂಡಿತು. ನಾನು ಮೊದಲ ಸಲ ಮತ ಹಾಕಿದ್ದು ಆ ಕ್ಷೇತ್ರದಲ್ಲಿ. ಕೈ ಎಣಿಸುವಾಗ ಈಗಲೂ ಅದನ್ನು ಸೇರಿಸಿಬಿಡುತ್ತದೆ. ಸರಿಯಾದ ಪಟ್ಟಿ: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು. ಬೀರೂರು ಇಲ್ಲ.